ಮೊದಲು ಹೂವು ನೋಡಿ, ಆಮೇಲೆ ಕತ್ತರಿ ಹಿಡಿಯಿರಿ

ಫಿನ್ಲೆಂಡಿನ ಮಾರಿಮೆಕ್ಕೊ ಕಂಪನಿಯ ಬಟ್ಟೆಯ ಮೇಲಿನ ಆ ದೊಡ್ಡ ಕೆಂಪು ಹೂವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೆಸರು ಉನಿಕ್ಕೊ, ಅಂದರೆ ಗಸಗಸೆ ಹೂ. (ನಮಗೆ ಗಸಗಸೆ ಅಂದರೆ ಪಾಯಸ. ಹೂವು ನೋಡಿದವರು ಎಷ್ಟು ಜನ?) 1951ರಲ್ಲಿ ಗಂಡನ ಜೊತೆ ಈ ಕಂಪನಿ ಕಟ್ಟಿದ ಆರ್ಮಿ ರಾತಿಯಾ ಹೂವಿನ ಡಿಸೈನ್ ಬೇಡವೇ ಬೇಡ ಎಂದಿದ್ದರಂತೆ. ಕಂಪನಿಗೆ ಡಿಸೈನ್ ಮಾಡುತ್ತಿದ್ದ ಮೈಯಾ ಇಸೋಲಾ 1964ರಲ್ಲಿ ಬರೆದುಕೊಟ್ಟದ್ದು ಅದನ್ನೇ!

ಇಂಥ ಬಟ್ಟೆಯಲ್ಲಿ ನಾನು ಹೊಲಿದ ಮೊದಲ ದಿಂಬಿನ ಕವರ್ ಕೆಟ್ಟುಹೋಯಿತು. ಬಟ್ಟೆ ಉಳಿಸೋಣ ಅಂತ ಮೂಲೆಯಿಂದಲೇ ಕತ್ತರಿಸಿದ್ದೆ. ದಿಂಬಿನ ಮೇಲೆ ಬಂದದ್ದು ಅರ್ಧ ಎಸಳು. ಯಾರೋ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಹಾಗಾಗಿ ಮೊದಲು ಬಟ್ಟೆ ಒಗೆದು ಒಣಗಿಸಿ. ಹತ್ತಿ ಬಟ್ಟೆ ಹೊಲಿದ ಮೇಲೆ ಕುಗ್ಗಿದರೆ ಕಷ್ಟ. ಒಳಮೈಗೆ ಇಸ್ತ್ರಿ ಹಾಕಿ, ನೆಲದ ಮೇಲೆ ಪೂರ್ತಿ ಹರಡಿ.

ಈಗ ಹಳೇ ಪೇಪರ್ ತನ್ನಿ. ನಡುವೆ 49 ಸೆಂ.ಮೀ. ಚೌಕದ ಕಿಟಕಿ ಕತ್ತರಿಸಿ. 50 ಸೆಂ.ಮೀ. ದಿಂಬಿಗೆ ಕವರ್ ಒಂದು ಸೆಂ.ಮೀ. ಚಿಕ್ಕದಿದ್ದರೆ ದಿಂಬು ತುಂಬಿಕೊಂಡು ಕಾಣುತ್ತದೆ. ಕಿಟಕಿಯನ್ನು ಬಟ್ಟೆಯ ಮೇಲೆ ಅತ್ತಿತ್ತ ಸರಿಸಿ ನೋಡಿ. ಹೂವು ನಟ್ಟನಡುವೆಯೇ ಬರಬೇಕೆಂದಿಲ್ಲ, ಸ್ವಲ್ಪ ಪಕ್ಕಕ್ಕೆ ಬಂದರೆ ನನಗೆ ಇನ್ನೂ ಚಂದ. ಆದರೆ ಅದರ ಕಪ್ಪು ನಡುಭಾಗ ಮಾತ್ರ ತುಂಡಾಗಬಾರದು. ಈ ಕೆಲಸಕ್ಕೆ ಅರ್ಧ ಗಂಟೆ ಹೋದರೂ ಹೋಗಲಿ.

ಜಾಗ ಸಿಕ್ಕಿತಾ? ಸುತ್ತ ಒಂದೊಂದು ಸೆಂ.ಮೀ. ಬಿಟ್ಟು 51 ಸೆಂ.ಮೀ. ಚೌಕ ಕತ್ತರಿಸಿ. ಹಿಂಬದಿಗೆ ದುಬಾರಿ ಬಟ್ಟೆ ಯಾಕೆ, ಸಾದಾ ಬಟ್ಟೆ ಸಾಕು. 51×35 ಅಳತೆಯ ಎರಡು ತುಂಡು ತೆಗೆದುಕೊಳ್ಳಿ. ಎರಡರದ್ದೂ ಒಂದು ಉದ್ದ ಅಂಚನ್ನು ಮೊದಲು 1, ಆಮೇಲೆ 2 ಸೆಂ.ಮೀ. ಮಡಚಿ ಹೊಲಿಯಿರಿ. ಹೂವಿನ ಚೌಕದ ಹೊರಮೈಗೆ ಇವುಗಳ ಹೊರಮೈ ಸೇರಿಸಿ, ಮಡಚಿದ ಅಂಚುಗಳು ನಡುವೆ ಒಂದರ ಮೇಲೊಂದು 13 ಸೆಂ.ಮೀ. ಬರುವಂತೆ ಇಟ್ಟು ನಾಲ್ಕೂ ಕಡೆ ಹೊಲಿದು ತಿರುಗಿಸಿ. ಜಿಪ್ಪು, ಗುಂಡಿ ಏನೂ ಬೇಡ. ಬಟ್ಟೆ ದಪ್ಪವಿದ್ದರೆ ಯಂತ್ರಕ್ಕೆ 16 ನಂಬರ್ ಸೂಜಿ ಹಾಕಿ.

ಹೊಲಿಗೆ ಬಾರದವರು ಮರದ ಚೌಕಟ್ಟಿಗೆ ಬಿಗಿದು ಗೋಡೆಗೆ ಹಾಕಬಹುದು. ಪಿನ್ನನ್ನು ಮೂಲೆಯಿಂದ ಹೊಡೆಯಬೇಡಿ, ಡಿಸೈನ್ ಸೊಟ್ಟಗಾಗುತ್ತದೆ. ನಾಲ್ಕೂ ಬದಿಯ ನಡುವೆ ಒಂದೊಂದು ಹೊಡೆದು, ಆಮೇಲೆ ಮೂಲೆಗಳ ಕಡೆ ಹೋಗಿ.

ಪರದೆಗಾದರೆ ಲೆಕ್ಕವೇ ಬೇರೆ. ಒಂದು ಹೂವಿನಿಂದ ಮತ್ತೆ ಅದೇ ಹೂವು ಬರುವವರೆಗೆ ಟೇಪಿನಲ್ಲಿ ಅಳೆಯಿರಿ. ಅದು 80 ಸೆಂ.ಮೀ. ಇದ್ದು, ಮಡಿಕೆ ಸೇರಿ ಪರದೆಗೆ 210 ಬೇಕಿದ್ದರೆ ಒಂದೊಂದು ಪರದೆಗೂ 80ರ ಮೂರು ಪಟ್ಟು, ಅಂದರೆ 240 ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಎಡಗಡೆ ಹೂವು ಮೇಲೆ, ಬಲಗಡೆ ಹೂವು ಕೆಳಗೆ!

ಬಟ್ಟೆಯ ಅಂಚಿನಲ್ಲಿ ಡಿಸೈನಿನ ಹೆಸರು, ಬರೆದವರ ಹೆಸರು, ಇಸವಿ ಅಚ್ಚಾಗಿರುತ್ತವೆ. ಆ ಪಟ್ಟಿ ಎಸೆಯಬೇಡಿ. ನಾನು ಅದನ್ನು ಕವರಿನ ಹಿಂಬದಿ ಮಡಿಕೆಗೆ ಹೊಲಿದುಬಿಟ್ಟೆ. ದಿಂಬು ತಿರುಗಿಸಿದವರಿಗೆ ಮಾತ್ರ ಇಸೋಲಾ ಹೆಸರು ಕಾಣುತ್ತದೆ.