ಎಂ3 ಹಾಫ್‌ಟ್ರ್ಯಾಕ್: 0.4 ಮಿ.ಮೀ. ತಗಡಿನಲ್ಲಿ ಕಟ್ಟಿದ ನನ್ನ ಅನುಭವ

ಎಂ3 ಹಾಫ್‌ಟ್ರ್ಯಾಕ್ ಅಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾ ಗಾಡಿ: ಮುಂದೆ ಚಕ್ರ, ಹಿಂದೆ ಟ್ಯಾಂಕಿಗಿರುವಂಥ ಪಟ್ಟಿ. 1:16 ಅಳತೆಯ, ಅಂದರೆ ಅಸಲಿಯ ಹದಿನಾರನೇ ಒಂದು ಭಾಗದಷ್ಟಿರುವ ಎಂ3 ಹಾಫ್‌ಟ್ರ್ಯಾಕನ್ನು ಪೂರ್ತಿ ಹಿತ್ತಾಳೆ ತಗಡಿನಲ್ಲೇ ಕಟ್ಟುತ್ತೇನೆ ಅಂದಾಗ ಮಾಡೆಲ್ ಮಾಡುವ ಗೆಳೆಯರು ಯಾರೂ ಒಪ್ಪಲಿಲ್ಲ. "ಒಳಗೆ ಚೌಕಟ್ಟಿಲ್ಲದೆ ಅಷ್ಟು ತೆಳು ತಗಡು ನಿಲ್ಲಲ್ಲ, ಸುಮ್ನೆ ಪ್ಲಾಸ್ಟಿಕ್ ಶೀಟ್ ತಗೊಳ್ಳಿ" ಅಂದರು. ಈಗ ಗಾಡಿ ನಿಂತಿದೆ, ತಳ್ಳಿದರೆ ಪಟ್ಟಿ ಸಮೇತ ಉರುಳುತ್ತದೆ. ಒಳಗೆ ಚೌಕಟ್ಟಿಲ್ಲ.

ಅಸಲಿ ಗಾಡಿಯ ಪಕ್ಕದ ಕವಚ ಕಾಲು ಇಂಚು, ಅಂದರೆ 6.35 ಮಿ.ಮೀ. ಹದಿನಾರರಿಂದ ಭಾಗಿಸಿದರೆ ಹೆಚ್ಚುಕಮ್ಮಿ 0.4. ಡ್ರೈವರ್ ಮುಂದಿನ ಪ್ಲೇಟು ಅರ್ಧ ಇಂಚು, ಅದಕ್ಕೆ 0.8. ಪ್ಲಾಸ್ಟಿಕ್ಕಿನಲ್ಲಿ 0.4 ಹಾಕಿದರೆ ಒಂದು ಬೇಸಿಗೆಗೇ ಡೊಂಕು. 1 ಮಿ.ಮೀ. ಹಾಕಿದರೆ ಬಾಗಿಲ ಅಂಚು ದಪ್ಪವಾಗಿ ಕಣ್ಣಿಗೆ ಹೊಡೆಯುತ್ತದೆ. ಬಾಗಿಲು ತೆರೆದಿಟ್ಟ ಮಾಡೆಲ್ಲಿನಲ್ಲಿ ಎಲ್ಲರೂ ಮೊದಲು ನೋಡುವುದೇ ಆ ಅಂಚನ್ನು, ಅಲ್ವಾ?

ಮೊದಲು ಮೂಲೆಗಳನ್ನು ಬೆಸುಗೆ ಹಾಕಿ ನೋಡಿದೆ. ಉದ್ದ ಬೆಸುಗೆಯ ಬಿಸಿಗೆ ಪಕ್ಕದ ಪ್ಲೇಟು ಅಲೆಅಲೆಯಾಗಿ ಎದ್ದಿತು. ಅಲ್ಲಿಗೆ ಒಂದೂವರೆ ಸಾವಿರ ರೂಪಾಯಿಯಷ್ಟು ತಗಡು ಹಾಳು. ದಾರಿ ಸಿಕ್ಕಿದ್ದು ಅಸಲಿ ಗಾಡಿಯಲ್ಲೇ. ವೈಟ್, ಆಟೋಕಾರ್, ಡೈಮಂಡ್ ಟಿ ಕಂಪನಿಗಳು ಎಂ3ಗೆ ಬಳಸಿದ್ದು ಮೇಲ್ಮೈ ಗಡಸು ಮಾಡಿದ ಉಕ್ಕು. ವೆಲ್ಡಿಂಗ್ ಬಿಸಿಗೆ ಆ ಗಡಸು ಕೆಡುತ್ತದೆ, ಹಾಗಾಗಿ ಪ್ಲೇಟುಗಳನ್ನು ಬೋಲ್ಟ್ ಹಾಕಿ ಕೂಡಿಸಿದರು. ನಾನೂ ಮೂಲೆಗೆ ಸಣ್ಣ ಆಂಗಲ್ ಪಟ್ಟಿ ಇಟ್ಟು, ತೂತು ಕೊರೆದು, ಹಿತ್ತಾಳೆ ತಂತಿಯಲ್ಲಿ ರಿವೆಟ್ ಹೊಡೆದೆ. ಬಿಸಿಯೇ ಇಲ್ಲ. ನಾಲ್ಕು ಮೂಲೆ ಕೂಡಿದ ಮೇಲೆ ಕೈಯಲ್ಲಿ ಹಿಡಿದು ತಿರುಚಿದರೂ ಅಲುಗಲಿಲ್ಲ. ಅಗಲ 2.22 ಮೀಟರ್ ಇರಬೇಕಾದದ್ದು ನನ್ನಲ್ಲಿ 139 ಮಿ.ಮೀ. ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ರಿವೆಟ್ ತಲೆಗಳನ್ನೆಲ್ಲ ಒಂದೇ ಗಾತ್ರಕ್ಕೆ ತಂದದ್ದು ಹೇಗೆ ಅನ್ನುವುದು ನನ್ನಲ್ಲೇ ಇರಲಿ.

ಜಾಸ್ತಿ ದುಡ್ಡು ತಿಂದದ್ದು ಪಟ್ಟಿ. ಇದು ಟ್ಯಾಂಕಿನ ಹಾಗೆ ಕೊಂಡಿ ಕೊಂಡಿಯದಲ್ಲ. ಒಳಗೆ ಉಕ್ಕಿನ ಕೇಬಲ್ ಇಟ್ಟು ಎರಕ ಹೊಯ್ದ, 12 ಇಂಚು ಅಗಲದ ಒಂದೇ ರಬ್ಬರ್ ಬಳೆ. ನನಗೆ 19 ಮಿ.ಮೀ. ಬೇಕಿತ್ತು. ಸಿಲಿಕೋನ್ ಎಳೆದಷ್ಟೂ ಹಿಗ್ಗಿತು. ಸೈಕಲ್ ಟ್ಯೂಬ್ ತಿರುವಿನಲ್ಲಿ ಮಡಚಿಕೊಂಡಿತು. ಕೊನೆಗೆ ಸೈಕಲ್ಲಿನ ಬ್ರೇಕ್ ಕೇಬಲ್ ಬಿಚ್ಚಿ, ಅದರ ಎಳೆಗಳನ್ನು ಅಚ್ಚಿನಲ್ಲಿ ಬಿಗಿಯಾಗಿ ಎಳೆದಿಟ್ಟು, ಮೇಲೆ ಪಾಲಿಯುರೆಥೇನ್ ಅನ್ನುವ ದ್ರವ ರಬ್ಬರ್ ಹೊಯ್ದೆ. ಬಳೆ ಗಟ್ಟಿಯಾಗಿ ಬಂತು, ಹಿಗ್ಗಲಿಲ್ಲ. ಎಳೆಯ ತುದಿಗಳನ್ನು ಎಲ್ಲಿ ಕೂಡಿಸಿದೆ ಅಂತ ಕೇಳಬೇಡಿ.

ಆದರೂ ಉರುಳಿಸುವಾಗ ಪಟ್ಟಿ ಜಾರುತ್ತಿತ್ತು. ಅಸಲಿ ಗಾಡಿಗಳಿಗೂ ಹಿಂದಿನ ಐಡ್ಲರ್, ಅಂದರೆ ಪಟ್ಟಿಯನ್ನು ಬಿಗಿಯಾಗಿ ಹಿಡಿಯುವ ಚಕ್ರ, ಮೊದಮೊದಲು ಅಲುಗಾಡದಂತೆ ಕೂತಿತ್ತು. ಯುದ್ಧದಲ್ಲಿ ತೊಂದರೆ ಕಂಡ ಮೇಲೆ ಅದಕ್ಕೆ ಸ್ಪ್ರಿಂಗ್ ಕೊಟ್ಟರು. ನಾನು ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿದೆ. ಅಲ್ಲಿಂದ ಒಮ್ಮೆಯೂ ಜಾರಿಲ್ಲ.

ಒಟ್ಟು ಒಂಬತ್ತು ಹತ್ತು ಸಾವಿರ ಆಗಿರಬೇಕು, ಅದರಲ್ಲಿ ಅರ್ಧ ರಬ್ಬರಿಗೇ ಹೋಯಿತು. ಹೊರದೇಶದ ಕಿಟ್ ತರಿಸಿದರೆ ಕಸ್ಟಮ್ಸ್ ಸೇರಿ ಇದರ ಎರಡರಷ್ಟಾದರೂ ಬೀಳುತ್ತದೆ.

ನಡುವೆ ಇದೇ ಜಾತಿಯ ಇನ್ನೊಂದು ಹಾಫ್‌ಟ್ರ್ಯಾಕ್ ಎಂ5ನ ಹಿಂಭಾಗವನ್ನೂ ಮಾಡಿ ನೋಡಿದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಟ್ಟಿದ ಈ ಗಾಡಿಯ ಉಕ್ಕು ಮೇಲ್ಮೈಯಿಂದ ಒಳಗಿನವರೆಗೂ ಒಂದೇ ಹದದ್ದು. ಸುಮಾರು 8 ಮಿ.ಮೀ. ದಪ್ಪ, ವೆಲ್ಡ್ ಮಾಡಿದ್ದು, ಹಿಂದಿನ ಮೂಲೆಗಳು ದುಂಡಗೆ. ಹಾಗಾಗಿ ಇಲ್ಲಿ 0.5 ತಗಡು. ಕಾಯಿಸಿ ಮೆತ್ತಗೆ ಮಾಡಿ ಪೈಪಿನ ಮೇಲೆ ಬಗ್ಗಿಸಿದೆ. ಬೆಸುಗೆ ಕೆಳಭಾಗಕ್ಕಷ್ಟೇ ಸಾಕಾಯಿತು. ಬಗ್ಗಿದ ತಗಡು ತಾನೇ ಬಿಗಿಯಾಗುವುದರಿಂದ ಅಲೆ ಏಳಲಿಲ್ಲ.

ಈಗ ಶೆರ್ಮನ್ ಎಂ4ಎ3 ಟ್ಯಾಂಕಿನ ಪಟ್ಟಿಯ ಕೊಂಡಿಗಳಿಗೆ ಕೈ ಹಾಕಿದ್ದೇನೆ. ಒಂದು ಬದಿಗೆ 79, ಅಗಲ 26 ಮಿ.ಮೀ. ಚಿಲ್ಲರೆ. ಎರಡೂ ಬದಿ ಸೇರಿ 158 ತುಂಡು. ಒಂದೇ ಅಚ್ಚು ಅಷ್ಟಕ್ಕೆ ತಡೆಯಲ್ಲ, ಮೂರಾದರೂ ಮಾಡಿಕೊಳ್ಳಬೇಕು.