ದೊಡ್ಡಮ್ಮ ಹೇಳಿದ್ದು ಅರ್ಧ ನಿಜ: ಹಾಲು ಕುಡಿಸೋವಾಗ ಹಾರ್ಮೋನ್ ಇಲ್ಲದೆ ಮುಂದಿನ ಬಸಿರು ತಡೆಯೋದು ಹೇಗೆ

"ಕೂಸು ಹಾಲು ಕುಡೀತಾ ಇರೋ ತನಕ ಏನೂ ಆಗಲ್ಲ ಬಿಡೇ" ಅಂತ ಬಾಣಂತನದ ಕೋಣೇಲಿ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ನಂಗೆ ಹೇಳಿದ್ದು ನಮ್ಮ ದೊಡ್ಡಮ್ಮ, ನೆತ್ತಿಗೆ ಎಣ್ಣೆ ತಟ್ತಾ ತಟ್ತಾ. ಆದ್ರೆ ಆಕೆಯ ಮೊದಲ ಎರಡು ಮಕ್ಕಳ ಮಧ್ಯೆ ಇರೋದು ಬರೀ 17 ತಿಂಗಳು! ಅದ್ಹೇಗೆ ಅಂತ ಕೇಳಿದ್ರೆ, "ಮುಟ್ಟೇ ಆಗಿರ್ಲಿಲ್ಲ ಕಣೆ, ಬಸುರಿ ಅಂತ ಹೆಂಗ್ ಗೊತ್ತಾಗ್ಬೇಕು, ಐದು ತಿಂಗಳಾದ್ಮೇಲೇ ಗೊತ್ತಾಗಿದ್ದು" ಅಂದ್ರು.

ದೊಡ್ಡಮ್ಮ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಉಳಿದರ್ಧವನ್ನ 1988ರಲ್ಲಿ ಇಟಲಿಯ ಬೆಲಾಜಿಯೊ ಅನ್ನೋ ಊರಲ್ಲಿ ತಜ್ಞರು ಸೇರಿ ಮೂರು ಷರತ್ತಾಗಿ ಬರೆದಿಟ್ರು, ಡಾಕ್ಟರುಗಳು ಇದನ್ನ ಲ್ಯಾಮ್ ಅಂತಾರೆ, ಅಂದ್ರೆ ಹಾಲು ಕುಡಿಸೋದ್ರಿಂದ ಮುಟ್ಟು ನಿಂತಿರೋದನ್ನೇ ನಂಬಿ ಬಸಿರು ತಡೆಯೋ ವಿಧಾನ. ಮೂರೂ ಸರಿಯಾಗಿದ್ರೆ ಮೊದಲ ಆರು ತಿಂಗಳಲ್ಲಿ ಬಸಿರು ನಿಲ್ಲೋ ಚಾನ್ಸು ನೂರಕ್ಕೆ ಎರಡಕ್ಕಿಂತ ಕಮ್ಮಿ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ದುಡ್ಡೂ ಇಲ್ಲ. ಆದ್ರೆ ಮೂರರಲ್ಲಿ ಒಂದು ತಪ್ಪಿದ್ರೂ ಮುಗೀತು, ಎರಡು ಸರಿ ಇದೆಯಲ್ಲ ಅನ್ನೋ ಸಮಾಧಾನ ಇಲ್ಲಿ ನಡೆಯಲ್ಲ.

ಒಳಗೆ ಆಗೋದಿಷ್ಟೆ. ಮಗು ಮೊಲೆ ಚೀಪಿದಾಗೆಲ್ಲ ಮಿದುಳಿಗೆ ಸಂದೇಶ ಹೋಗತ್ತೆ, ಅದ್ರಿಂದ ಅಂಡಾಶಯಕ್ಕೆ ಮಿದುಳಿನಿಂದ ಬರಬೇಕಾದ ಸಿಗ್ನಲ್ ಏರುಪೇರಾಗತ್ತೆ, ಅಂಡ ಮಾಗಿ ಹೊರಗೆ ಬರಲ್ಲ. ಹಾಗಾಗಿ ಹಾಲು ಎಷ್ಟು ಬರತ್ತೆ ಅನ್ನೋದಕ್ಕಿಂತ ಮಗು ಎಷ್ಟು ಸಲ ಚೀಪತ್ತೆ ಅನ್ನೋದೇ ದೊಡ್ಡದು.

ಮೊದಲು ಈ ಮೂರು ಪ್ರಶ್ನೆ ಕೇಳ್ಕೊಳ್ಳಿ

ಒಂದು, ಮಗುಗೆ ಆರು ತಿಂಗಳು ತುಂಬಿಲ್ಲ ತಾನೆ?

ಎರಡು, ಮುಟ್ಟು ಇನ್ನೂ ಶುರುವಾಗಿಲ್ಲ ತಾನೆ? ಹೆರಿಗೆ ಆದ್ಮೇಲೆ ಮೊದಲ 56 ದಿನದೊಳಗೆ ಹೋಗೋ ರಕ್ತವನ್ನ ಮುಟ್ಟು ಅಂತ ಲೆಕ್ಕ ಹಾಕಲ್ಲ, ಆದ್ರೆ ಅದು ಪೂರ್ತಿ ಹಾಲು ಕುಡಿಸ್ತಾ ಇರೋರಿಗೆ ಮಾತ್ರ. ಆಮೇಲೆ ಎರಡು ದಿನ ಒಂದೇ ಸಮ ರಕ್ತ ಹೋದ್ರೆ ಮುಟ್ಟು ಬಂತು ಅಂತಾನೇ ಅಂದ್ಕೊಳ್ಳಿ, ಜಾಸ್ತಿ ಯೋಚನೆ ಬೇಡ.

ಮೂರನೇದೇ ಕಷ್ಟದ್ದು. ಮಗುಗೆ ಬರೀ ಎದೆಹಾಲು, ಅಥವಾ ಹತ್ತತ್ರ ಬರೀ ಎದೆಹಾಲು, ಕೊಡ್ತಾ ಇದೀರಾ? ಹಗಲು ಎರಡು ಸಲದ ಮಧ್ಯೆ 4 ಗಂಟೆಗಿಂತ, ರಾತ್ರಿ 6 ಗಂಟೆಗಿಂತ ಜಾಸ್ತಿ ಗ್ಯಾಪ್ ಬೀಳಬಾರದು.

ನಮ್ಮ ಮನೆಗಳಲ್ಲಿ ಕೈ ಕೊಡೋದು ಇದೇನೆ. ಬೆಳಗ್ಗೆ ಸ್ನಾನ ಆದ್ಮೇಲೆ ಬಜೆ ತೇಯ್ದು ನಾಲಿಗೆಗೆ ಹಚ್ತಾರೆ, ಬೇಸಿಗೆ ಅಂತ ಎರಡು ಚಮಚ ನೀರು, ಹೊಟ್ಟೆ ನೋವು ಅಂದ್ರೆ ಗ್ರೈಪ್ ವಾಟರು, ನಾಲ್ಕನೇ ತಿಂಗಳಿಗೆ "ಹಾಲು ಸಾಲ್ತಿಲ್ಲ ಅನ್ಸತ್ತೆ" ಅಂತ ಒಂದು ಬಾಟಲಿ ಹಸುವಿನ ಹಾಲು, ಐದಕ್ಕೇ ರಾಗಿ ಸರಿ. ಒಂದು ಚಮಚ ನೀರಿಂದ ತಕ್ಷಣ ಬಸುರಿ ಆಗಿಬಿಡ್ತೀರಿ ಅಂತಲ್ಲ, ಆದ್ರೆ ಬೇರೆ ಏನೇ ಹೊಟ್ಟೆಗೆ ಹೋದ್ರೂ ಮಗು ಚೀಪೋದು ಅಷ್ಟು ಕಮ್ಮಿ ಆಗತ್ತೆ, ಚೀಪೋದು ಕಮ್ಮಿ ಆದ್ರೆ ತಡೆಯೂ ಸಡಿಲ. ಎದೆಹಾಲಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರೋದು, ರಾಯಚೂರಿನ ಬಿಸಿಲಲ್ಲೂ ಆರು ತಿಂಗಳ ತನಕ ಮಗುಗೆ ಬೇರೆ ನೀರು ಬೇಡ. (ಜೇನುತುಪ್ಪವಂತೂ ಒಂದು ವರ್ಷ ತುಂಬೋ ತನಕ ಬೇಡ್ವೇ ಬೇಡ, ಅದಕ್ಕೆ ಕಾರಣ ಬೇರೆ, ಅದು ಮಗುಗೇ ಅಪಾಯ.)

ರಾತ್ರಿ ಲೆಕ್ಕ ಹೇಗಿಡೋದು

ನಾನು ಮಾಡಿದ್ದು ತೀರಾ ಸಿಂಪಲ್. ಫೋನಲ್ಲಿ ಆ್ಯಪ್ ಹಾಕ್ಕೊಂಡೆ, ಮೂರು ದಿನಕ್ಕೆ ಬೇಜಾರಾಗಿ ಡಿಲೀಟ್ ಮಾಡಿದೆ, ಆಮೇಲೆ ಹಾಸಿಗೆ ಪಕ್ಕ ಒಂದು ಹಳೇ ನೋಟ್‌ಬುಕ್ಕು, ಪೆನ್ಸಿಲ್. ರಾತ್ರಿ ಕುಡಿಸಿದ ಟೈಮ್ ಮಾತ್ರ ಬರೀತಿದ್ದೆ, 11.20, 2.05, 4.40 ಹೀಗೆ, ಅರ್ಧ ಅಂಕಿ ನಂಗೇ ಓದೋಕಾಗ್ತಿರ್ಲಿಲ್ಲ. ಮೂರೂವರೆ ತಿಂಗಳಲ್ಲಿ ಒಂದಿನ ನೋಡಿದ್ರೆ 10.30 ಆದ್ಮೇಲೆ ಸೀದಾ 5.45! ಮಗು ರಾತ್ರಿಯಿಡೀ ನಿದ್ದೆ ಮಾಡ್ತು ಅಂತ ಮನೆಯೋರೆಲ್ಲ ಖುಷಿ, ನಂಗೆ ಮಾತ್ರ ಏಳು ಗಂಟೆ ಗ್ಯಾಪು ಅಂತ ತಲೆಬಿಸಿ. ಹೀಗೆ ಗ್ಯಾಪ್ ಬೀಳೋಕೆ ಶುರುವಾದ್ರೆ ಒಂದೋ ನೀವೇ ಎಬ್ಬಿಸಿ ಕುಡಿಸಬೇಕು, ಇಲ್ಲಾ ಇನ್ನೊಂದು ದಾರಿ ಶುರು ಮಾಡ್ಬೇಕು. ನಾನು ಎಬ್ಬಿಸಲಿಲ್ಲ, ನಿಜ ಹೇಳ್ತೀನಿ, ನಂಗೂ ನಿದ್ದೆ ಬೇಕಿತ್ತು, ಕಾಂಡೋಮ್ ತರಿಸಿದೆ.

ಕೆಲಸಕ್ಕೆ ವಾಪಸ್ ಹೋಗೋರಿಗೆ

ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ, ಅಂದ್ರೆ ಸರಿಯಾಗಿ ಆರು ತಿಂಗಳು, ಲೆಕ್ಕ ಕೂಡಿ ಬಂತಲ್ಲ ಅನ್ಸತ್ತೆ. ಆದ್ರೆ ಹೆರಿಗೆಗೆ ಮುಂಚೇನೆ 8 ವಾರ ತಗೊಂಡಿದ್ರೆ ಉಳಿಯೋದು 18 ವಾರ ಅಷ್ಟೇ, ನಾಲ್ಕು ತಿಂಗಳ ಮೇಲೆ ಸ್ವಲ್ಪ. ಹಾಲು ಹಿಂಡಿಟ್ಟು ಹೋದ್ರೆ ಮಗುಗೆ ಬರೀ ಎದೆಹಾಲೇ ಸಿಗತ್ತೆ, ನಿಜ, ಆದ್ರೆ ಪಂಪು ಹಾಲು ತೆಗೆಯತ್ತೆ, ಮಗು ಚೀಪಿದ ಹಾಗೆ ಕೆಲಸ ಮಾಡಲ್ಲ. ಚಿಲಿ ದೇಶದಲ್ಲಿ ಹೀಗೆ ಹಾಲು ಹಿಂಡಿಟ್ಟು ಕೆಲಸಕ್ಕೆ ಹೋಗ್ತಿದ್ದ ತಾಯಂದಿರನ್ನ ನೋಡಿದಾಗ ಆರು ತಿಂಗಳಲ್ಲಿ ನೂರಕ್ಕೆ ಸುಮಾರು 5 ಜನ ಬಸುರಿ ಆಗಿದ್ರು. ನಮ್ಮ ಆಫೀಸಲ್ಲಿ ಪಂಪ್ ಮಾಡೋಕೆ ಕೊಟ್ಟ ಜಾಗ ಹಳೇ ಪ್ರಿಂಟರ್ ಇಟ್ಟಿರೋ ಸ್ಟೋರ್ ರೂಮು, ಚಿಲಕ ಬೇರೆ ಇರ್ಲಿಲ್ಲ, ನಾಲ್ಕು ಗಂಟೆಗೊಂದು ಸಲ ಅಲ್ಲಿಗೆ ಹೋಗೋದು ಕನಸೇ ಸರಿ. ಕೆಲಸಕ್ಕೆ ಹೋಗೋ ದಿನದಿಂದಾನೇ ಲ್ಯಾಮ್ ಜೊತೆ ಇನ್ನೊಂದು ಇಟ್ಕೊಳ್ಳಿ ಅಂತ ನನ್ನ ಮಾತು.

ಮುಂದಿನದನ್ನ ಮೊದಲೇ ರೆಡಿ ಇಟ್ಕೊಳ್ಳಿ

ಎಲ್ರೂ ಎಡವೋದು ಇಲ್ಲಿ. "ಮುಟ್ಟು ಬರ್ಲಿ, ಆಮೇಲೆ ನೋಡೋಣ" ಅಂತ ಕಾಯ್ತಾರೆ. ಅಂಡ ಹೊರಗೆ ಬರೋದು ಮೊದಲು, ಮುಟ್ಟು ಆಗೋದು ಅದಾಗಿ ಸುಮಾರು ಎರಡು ವಾರಕ್ಕೆ, ದೊಡ್ಡಮ್ಮನ ಕೇಸಲ್ಲಿ ಆಗಿದ್ದೂ ಇದೇನೆ. ಮಗುಗೆ 6, 10, 14 ವಾರಕ್ಕೆ ಲಸಿಕೆ ಹಾಕಿಸೋಕೆ ಹೇಗೂ ಆಸ್ಪತ್ರೆಗೆ ಹೋಗ್ತೀರಲ್ಲ, 14ನೇ ವಾರದ ದಿನ ನಿಮ್ಮ ವಿಷಯಾನೂ ಮಾತಾಡ್ಕೊಂಡೇ ಬನ್ನಿ.

ಹಾರ್ಮೋನ್ ಬೇಡ ಅನ್ನೋರಿಗೆ ಗಟ್ಟಿ ಆಯ್ಕೆ ಕಾಪರ್ ಟಿ, ಗರ್ಭಕೋಶದೊಳಗೆ ಇಡೋ ತಾಮ್ರದ ಪುಟ್ಟ ಸಾಧನ. ಹಾಲಿಗೆ ಏನೂ ಆಗಲ್ಲ, ಹೆರಿಗೆ ಆದ 48 ಗಂಟೆಯೊಳಗೆ ಹಾಕ್ತಾರೆ, ಇಲ್ಲಾಂದ್ರೆ ಆರು ವಾರ ಆದ್ಮೇಲೆ, ಸರ್ಕಾರಿ ಆಸ್ಪತ್ರೇಲಿ ಫ್ರೀ. 380ಎ ಅನ್ನೋದು 10 ವರ್ಷ ಬರತ್ತೆ, 375 ಅನ್ನೋದು 5 ವರ್ಷ. ಮುಟ್ಟು ಶುರುವಾದ ಮೇಲೆ ಮೊದಮೊದಲು ರಕ್ತ, ನೋವು ಸ್ವಲ್ಪ ಜಾಸ್ತಿ ಇರಬಹುದು, ರಕ್ತಹೀನತೆ ಇರೋರು ಡಾಕ್ಟರಿಗೆ ಮೊದಲೇ ಹೇಳಿ. ಹೆರಿಗೆ ಆದ ತಕ್ಷಣ ಹಾಕಿಸಿದ್ರೆ ಅದು ಜಾರಿ ಹೊರಬರೋ ಚಾನ್ಸೂ ಜಾಸ್ತಿ, ಚೆಕಪ್‌ಗೆ ತಪ್ಪಿಸ್ಬೇಡಿ.

ಮಾತ್ರೆ ಅಂದ್ರೆ ಛಾಯಾ ಇದೆ, ಅಂಗಡೀಲಿ ಸಹೇಲಿ ಅನ್ನೋ ಹೆಸರಲ್ಲಿ ಸಿಗೋದೂ ಅದೇ. ಲಕ್ನೋದ ಸಿಡಿಆರ್‌ಐ ಅನ್ನೋ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೇಲಿ ಕಂಡುಹಿಡಿದದ್ದು, ಅದ್ರಲ್ಲಿ ಹಾರ್ಮೋನ್ ಇಲ್ಲ, ಹಾಲು ಕುಡಿಸೋರೂ ತಗೋಬಹುದು, ಆಶಾ ಕಾರ್ಯಕರ್ತೆ ಹತ್ರ ಕೇಳಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಭಾನುವಾರ ಶುರು ಮಾಡಿದ್ರೆ ಭಾನುವಾರ ಮತ್ತೆ ಬುಧವಾರ, ಆಮೇಲೆ ಬರೀ ಭಾನುವಾರ. ಮುಟ್ಟು ಮುಂದೆ ಹೋಗೋದುಂಟು. ಪಿಸಿಓಎಸ್, ಲಿವರ್ ತೊಂದ್ರೆ ಇರೋರಿಗೆ ಇದು ಆಗಿಬರಲ್ಲ, ಕೇಳದೆ ತಗೋಬೇಡಿ.

ಕಾಂಡೋಮ್ ಬಗ್ಗೆ ಏನು ಹೇಳೋದಿದೆ, ಪ್ರತಿ ಸಲ ಬಳಸಿದ್ರೆ ಒಳ್ಳೇದು, "ಇವತ್ತೊಂದಿನ" ಅಂದ್ರೆ ಇಲ್ಲ. ಇನ್ನು ಮಕ್ಕಳೇ ಸಾಕು ಅನ್ನೋ ಮನೆಗಳಲ್ಲಿ ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸಲೀಸು, ಆದ್ರೆ ಆಮೇಲೂ ಮೂರು ತಿಂಗಳು ಹುಷಾರಾಗಿರ್ಬೇಕು, ಇದನ್ನ ಪೇಪರ್ ಓದೋ ಗಂಡಂದಿರು ದಯವಿಟ್ಟು ಎರಡು ಸಲ ಓದಿ.

ದಿನ ಎಣಿಸೋದು, ಬೆಳಗ್ಗೆ ಎದ್ದು ಟೆಂಪರೇಚರ್ ನೋಡೋದು, ಇವೆಲ್ಲ ಈಗ ಬೇಡ. ಮುಟ್ಟೇ ಇಲ್ಲದಾಗ ಎಣಿಸೋದೇನನ್ನ? ರಾತ್ರಿ ಮೂರು ಸಲ ಏಳೋರಿಗೆ ಟೆಂಪರೇಚರೂ ಸರಿಯಾಗಿ ಸಿಗಲ್ಲ. ಮುಟ್ಟು ಮೂರ್ನಾಲ್ಕು ಸಲ ಸರಿಯಾಗಿ ಬಂದ್ಮೇಲೆ ಬೇಕಿದ್ರೆ ನೋಡಿ.

ಎಲ್ಲೋ ಒಂದು ಷರತ್ತು ತಪ್ಪಿದ್ಮೇಲೆ ಬೇರೆ ತಡೆ ಇಲ್ಲದೆ ಗಂಡನ ಜೊತೆ ಸೇರಿದ್ರೆ, ಸೇರಿದ ಐದು ದಿನದೊಳಗೆ ಕಾಪರ್ ಟಿ ಹಾಕಿಸಿದ್ರೂ ಬಸಿರು ತಡೀಬಹುದು. ಅದೂ ದಾಟಿದ್ರೆ ಮುಟ್ಟಿಗೆ ಕಾಯ್ಬೇಡಿ, ಸೇರಿದ ಮೂರು ವಾರಕ್ಕೆ ಮೆಡಿಕಲ್ ಶಾಪಿಂದ ಯೂರಿನ್ ಕಾರ್ಡ್ ತಂದು ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಎರಡು ಗೆರೆ ಬಂದ್ರೆ ಮಗುಗೆ ಹಾಲು ಬಿಡಿಸೋಕೆ ಓಡ್ಬೇಡಿ, ಮೊದಲು ಡಾಕ್ಟರ್ ಹತ್ರ ಹೋಗಿ.