ಕರಟ ಬಿಸಾಡಬೇಡಿ, ಗುಬ್ಬಿಗೆ ಬೇಕು

ಹಕ್ಕಿಗೆ ಕಾಳು ಹಾಕುವ ಪ್ಲಾಸ್ಟಿಕ್ ಡಬ್ಬ ಅಂಗಡಿಯಲ್ಲಿ ಸಿಗುತ್ತದೆ. ಮಗಳು ಒಂದು ತಂದುಕೊಟ್ಟಿದ್ದಳು, ನೋಡೋಕೆ ಚೆನ್ನಾಗಿಯೇ ಇತ್ತು, ಎರಡು ಬೇಸಿಗೆ ಬಿಸಿಲಿಗೆ ಪುಡಿಪುಡಿ ಆಯಿತು. ಆಮೇಲೆ ನಾನು ತೆಂಗಿನ ಕರಟಕ್ಕೇ ಬಂದೆ. ದಿನಾ ಕಾಯಿ ಒಡೆಯುವ ಮನೆಯಲ್ಲಿ ಇದಕ್ಕೂ ದುಡ್ಡು ಕೊಡಬೇಕಾ?

ಕಾಯಿ ಒಡೆದಾಗ ಕಣ್ಣಿರುವ ಹೋಳನ್ನು ಎತ್ತಿಡಿ. ಒಳಗೆ ಚೂರೂ ಉಳಿಯದ ಹಾಗೆ ತುರಿದು ಎರಡು ದಿನ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಇರುವೆ ಸಾಲು ಹಿಡಿಯುತ್ತದೆ. ಹೊರಗಿನ ನಾರು ಕೆರೆಯಬೇಡಿ, ಹಕ್ಕಿ ಕಾಲಿಗೆ ಹಿಡಿತ ಸಿಗುವುದೇ ಅದರಿಂದ. ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ, ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದರೆ ತೂತಾಗುತ್ತದೆ. ಅದಕ್ಕೆ ಸಡಿಲವಾಗಿ ಒಂದಿಷ್ಟು ನಾರು ತುರುಕಿ. ಮಳೆ ನೀರು ಇಳಿದು ಹೋಗುತ್ತದೆ, ಕಾಳು ನಿಲ್ಲುತ್ತದೆ. ಅಂಚಿನಿಂದ ಅರ್ಧ ಇಂಚು ಕೆಳಗೆ ಹಗ್ಗಕ್ಕೆ ಮೂರು ತೂತು ಬೇಕು. ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಕರಟ ಸೀಳುತ್ತದೆ, ನಾನು ಎರಡು ಹಾಳು ಮಾಡಿದ ಮೇಲೆ ಕಲಿತದ್ದು. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಒತ್ತಿ, ಡ್ರಿಲ್ ಇದ್ದರೆ ಇನ್ನೂ ಸುಲಭ.

ತೂಗುಹಾಕುವಾಗ ಬೆಕ್ಕಿನ ಲೆಕ್ಕ ಹಾಕಿ. ನೆಲದಿಂದ ಐದಾರು ಅಡಿ ಮೇಲಿರಲಿ, ಪಕ್ಕದಲ್ಲಿ ಕಾಂಪೌಂಡ್ ಗೋಡೆ ಇರಬಾರದು, ಆದರೆ ಹಕ್ಕಿ ಹೆದರಿ ಹಾರಿದರೆ ಸೇರಿಕೊಳ್ಳೋಕೆ ಒಂದು ದಾಸವಾಳವೋ ಕರಿಬೇವೋ ಹತ್ತಿರ ಇರಬೇಕು. ಕಿಟಕಿ ಗಾಜಿಗೆ ಹಾರಿ ಬಂದು ಹೊಡೆದುಕೊಳ್ಳುತ್ತವೆ, ಪಾಪ. ಹಾಗಾಗಿ ಒಂದೋ ಜೋರಾಗಿ ಹಾರೋಕೆ ಜಾಗವೇ ಸಿಗದ ಹಾಗೆ ಗಾಜಿನಿಂದ ಮೂರು ಅಡಿಯೊಳಗೆ ಕಟ್ಟಿ, ಇಲ್ಲಾ ತುಂಬಾ ದೂರ ಕಟ್ಟಿ. ಮೊದಲ ದಿನವೇ ಯಾರೂ ಬರಲಿಲ್ಲ ಅಂತ ಜಾಗ ಬದಲಾಯಿಸಬೇಡಿ, ಒಂದೆರಡು ವಾರ ಸುಮ್ನೆ ಇರಿ.

ಕಾಳು ಅಂದರೆ ನವಣೆ, ಸಜ್ಜೆ, ಅಕ್ಕಿ ನುಚ್ಚು. ಉಪ್ಪು ಹಾಕಿದ ಮಿಕ್ಸ್ಚರ್, ರಾತ್ರಿ ಉಳಿದ ಚಿತ್ರಾನ್ನ, ಬ್ರೆಡ್ಡು ಬೇಡ. ಗುಬ್ಬಿ ನವಣೆ ತಿನ್ನುವುದನ್ನು ಹತ್ತಿರದಿಂದ ನೋಡಿದ್ದೀರಾ? ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಬಿಡಿಸಿ ಅಲ್ಲೇ ಉದುರಿಸುತ್ತದೆ, ಒಂದು ಸಿಪ್ಪೆ ಕೊಕ್ಕಿಗೇ ಅಂಟಿಕೊಂಡಿರುತ್ತದೆ. ಸಂಜೆ ನೋಡಿದರೆ ಕರಟ ತುಂಬಿದ ಹಾಗೇ ಕಾಣುತ್ತದೆ, ಊದಿದರೆ ಬರೀ ಹೊಟ್ಟು! ನಾನು ಎಷ್ಟೋ ದಿನ ಇವಕ್ಕೆ ನವಣೆ ಸೇರುವುದಿಲ್ಲ ಅಂದುಕೊಂಡಿದ್ದೆ. ಪಿಕಳಾರಕ್ಕೆ ಕಾಳಿಗಿಂತ ಹಣ್ಣೇ ಇಷ್ಟ, ಕಳಿತ ಪಪ್ಪಾಯಿ ಹೋಳೊಂದನ್ನು ಕೊಂಬೆಗೆ ಚುಚ್ಚಿಡಿ. ಭತ್ತದ ತೆನೆ ಸಿಕ್ಕರೆ ಗೊಂಚಲು ಕಟ್ಟಿ ಜಗಲಿಯ ತೊಲೆಗೆ ತೂಗುಹಾಕಿ, ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಫ್ಲ್ಯಾಟ್‌ನಲ್ಲಿರುವವರು ಅಗಲವಾದ ತಟ್ಟೆಯಲ್ಲಿ ಕಾಳು ಸುರಿಯಬೇಡಿ. ಪಾರಿವಾಳದ ಹಿಂಡು ಇಳಿದರೆ ಗುಬ್ಬಿಗೆ ಜಾಗವೇ ಇಲ್ಲ, ಆ ಹಿಕ್ಕೆಯ ಧೂಳು ನಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಚಿಕ್ಕ ಕರಟ ಅಲ್ಲಾಡುತ್ತಿದ್ದರೆ ಪಾರಿವಾಳಕ್ಕೆ ಅದರ ಮೇಲೆ ಕೂರುವುದು ಕಷ್ಟ.

ದಿನಕ್ಕೆ ಒಂದು ಹಿಡಿ ಸಾಕು. ಒಮ್ಮೆ ಮದುವೆಗೆ ಹೋಗುವಾಗ ನಾಲ್ಕು ದಿನಕ್ಕೂ ಆಗಲಿ ಅಂತ ಎಲ್ಲಾ ಕರಟಕ್ಕೂ ಗೋಪುರದ ಹಾಗೆ ತುಂಬಿಸಿ ಹೋಗಿದ್ದೆ, ಮಳೆ ಬಂತು, ವಾಪಸ್ ಬಂದು ನೋಡಿದರೆ ನವಣೆ ಗಂಟು ಕಟ್ಟಿ ಬೂಷ್ಟು ಹಿಡಿದಿದೆ, ಕೆಳಗೆ ಚೆಲ್ಲಿದ್ದಕ್ಕೆ ಇಲಿ ಬಂದಿದೆ. ಬೂಷ್ಟು ಹಿಡಿದ ಕಾಳು ತಿಂದರೆ ಹಕ್ಕಿಗೆ ಕಾಯಿಲೆ. ವಾರಕ್ಕೊಮ್ಮೆ ಬಿಸಿನೀರಲ್ಲಿ ತೊಳೆದು ಒಣಗಿಸಿ ಕಟ್ಟಿ, ಬಿರುಕು ಬಿಟ್ಟರೆ ಒಲೆಗೆ ಹಾಕಿ ಹೊಸದು ಮಾಡಿ.

ನೀರಿಗೆ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲು. ದಿನಾ ಚೆಲ್ಲಿ ಹೊಸದು ತುಂಬಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಇನ್ನೊಂದು ಮಾತು, ಗುಬ್ಬಿ ಮರಿಗೆ ಕಾಳು ಆಗುವುದಿಲ್ಲ, ಹುಳುವೇ ಬೇಕು. ಅದಕ್ಕೇ ನಾನು ಬದನೆ ಗಿಡಕ್ಕೆ ಔಷಧಿ ಹೊಡೆಯುವುದು ಬಿಟ್ಟೆ. ಒಂದಿಷ್ಟು ಕಾಯಿ ಹುಳುಕಾಗುತ್ತವೆ, ಆ ಭಾಗ ಕತ್ತರಿಸಿ ತೆಗೆದು ವಾಂಗಿಬಾತ್ ಮಾಡುತ್ತೇನೆ, ನಮ್ಮ ಮನೆಯಲ್ಲಿ ಇನ್ನೂ ಯಾರೂ ಕೇಳಿಲ್ಲ.